ಹೋದ ದಾರಿಯಲ್ಲಿ ಬಾರದವರು

ಟೊರಾಂಟೊ ಪಕ್ಕದ ಮಾಲ್ಟನ್ನಿನ ಒಂದು ಬಾಡಿಗೆ ಹಾಲಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಗೆ ಹಾರ, ಮುಂದೆ ದೀಪ, ಹಿಂದಿನ ಮೇಜಿನ ಮೇಲೆ ಚಹಾದ ದೊಡ್ಡ ಫ್ಲಾಸ್ಕು. ನಮ್ಮ ಹಿರಿಯರ ಬಳಗದ ಒಬ್ಬರು ಮೈಕು ಹಿಡಿದು ಹೇಳಿದರು: "ಎಂಥಾ ಮನುಷ್ಯ! ಕೆನಡಾದ ಉತ್ತರದ ತುದಿವರೆಗೂ ಕಾಲ್ನಡಿಗೇಲಿ ತಿರುಗಿದವರು. ಪಾಪ, ಕೊನೇಲಿ ಸ್ವಂತ ಮನೆ ದಾರೀನೇ ಮರೆತುಬಿಟ್ರು. ವಿಧಿ ನೋಡಿ." ಜನ ತಲೆದೂಗಿದರು. ಆ ಮಾತು ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ಅದು ನಿಜವೇ ಎಂದು ಕೇಳುವ ಮನಸ್ಸು ಯಾರಿಗೂ ಇರಲಿಲ್ಲ.

ನಾನು ಎದ್ದು ನಿಂತೆ. "ತಪ್ಪು," ಎಂದೆ. "ಅವರು ದಾರಿ ಮರೆತಿರಲಿಲ್ಲ."

"ಕೂತ್ಕೊಳ್ಳಿ ಆಂಟಿ, ಆಮೇಲೆ ಮಾತಾಡೋಣ," ಎಂದು ಯಾರೋ ಹಿಂದಿನಿಂದ ನನ್ನ ಭುಜ ಒತ್ತಿದರು. ಆಮೇಲೆ ಚಹಾ ಬಂತು, ಉಪ್ಪಿಟ್ಟು ಬಂತು, ಪಾರ್ಕಿಂಗ್ ಟಿಕೆಟ್ಟಿನ ಮಾತು ಬಂತು. ನನ್ನ ಸರದಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ನನ್ನ ಭುಜ ಒತ್ತುವಂತಿಲ್ಲ.

ಮೊದಲು ನಾನು ಯಾರೆಂದು ಹೇಳುವುದು ಕ್ರಮ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದೆ. ಈಗ ಮಗ ಸೊಸೆಯ ಜೊತೆ ಕೆನಡಾದ ಈ ಸಣ್ಣ ಊರು ಜಾರ್ಜ್‌ಟೌನಿನಲ್ಲಿದ್ದೇನೆ. ಕೆಲಸ ಬಿಟ್ಟರೂ ಕೆಲಸದ ಶಿಸ್ತು ನನ್ನನ್ನು ಬಿಟ್ಟಿಲ್ಲ. ಎದ್ದ ಕೂಡಲೇ ಹಾಸಿಗೆಯ ಚಾದರದ ಮೂಲೆಗಳನ್ನು ವಾರ್ಡಿನಲ್ಲಿ ಮಡಿಸುವಂತೆ ಮಡಿಸುತ್ತೇನೆ. ಹಾಲು ಕಾಯಿಸುತ್ತೇನೆ. ನಂತರ ವಾಕಿಂಗು. ನಮ್ಮ ಬೀದಿಯ ಕೊನೆಯ ದೀಪದ ಕಂಬದವರೆಗೆ ಹೋಗಿ, ಅದನ್ನು ಮುಟ್ಟಿ, ಹೋದ ದಾರಿಯಲ್ಲೇ ಹಿಂದಿರುಗುತ್ತೇನೆ. ಮಳೆ, ಹಿಮ, ಹಬ್ಬ, ಯಾವುದಕ್ಕೂ ಇದು ತಪ್ಪಿಲ್ಲ.

ಆ ಫೋಟೋದಲ್ಲಿದ್ದವರ ಮತ್ತು ನನ್ನ ಮೊದಲ ಭೇಟಿಯೇ ಜಗಳದ್ದು. ಒಂದು ಚಳಿಗಾಲದ ಬೆಳಿಗ್ಗೆ ಅಡಿಗೆಮನೆಯಲ್ಲಿ ಹಾಲಿನ ಮುಂದೆ ನಿಂತಿದ್ದೆ. ಕಿಟಕಿಯ ಆಚೆ ನಮ್ಮ ಹಿತ್ತಲು, ಹಿತ್ತಲಿಗೆ ಮರದ ಬೇಲಿ, ಬೇಲಿಯ ಆಚೆ ಹೊಳೆಯ ಕಡೆಗೆ ಇಳಿದುಹೋಗುವ ಕಾಡುದಿಣ್ಣೆ. ಆ ದಿಣ್ಣೆ ಹತ್ತಿ ಕಿತ್ತಳೆ ಬಣ್ಣದ ಜಾಕೆಟಿನ ಒಬ್ಬ ಮುದುಕ ಬಂದ. ನಮ್ಮ ಬೇಲಿಯ ಗೇಟಿನ ಚಿಲಕ ತೆಗೆದ. ಹಾಸಿದ ಚಾದರದಂತಿದ್ದ ನಮ್ಮ ಹಿಮದ ಮೇಲೆ ಬೂಟು ಊರುತ್ತ, ಅಪ್ಪನ ಮನೆಯೆಂಬಂತೆ ಮುಂದಿನ ಬೀದಿಯ ಕಡೆಗೆ ಹೊರಟ. ಕೈಯಲ್ಲಿ ಊರುಗೋಲಿನ ಬದಲು ಹಳೆಯ ಹಾಕಿ ಸ್ಟಿಕ್ಕು. ನಾನು ಬಾಗಿಲು ತೆಗೆದು ಇಂಗ್ಲಿಷಿನಲ್ಲಿ ಗದರಿಸಿದೆ. ಆತ ನಿಲ್ಲಲಿಲ್ಲ.

"ಈ ಮುದುಕನ ಮನೆ ಹಾಳಾಗ!" ಎಂದು ಕನ್ನಡದಲ್ಲಿ ಬೈದೆ.

ಆತ ನಿಂತ. ತಿರುಗಿದ. "ಮನೀ ಎಲ್ಲೀದ್ರೀ ಬಾಯಾರ? ಮಗಳ ಬೇಸ್‌ಮೆಂಟಿನ್ಯಾಗ ಇರ್ತೀನಿ. ಅದ ಹಾಳಾದ್ರ ಆಕಿ ನನ್ನ ಬೈತಾಳ," ಎಂದ. ಆಮೇಲೆ ನನ್ನ ಹಿಂದೆ ಇಣುಕಿ, "ನಿಮ್ಮ ಹಾಲು ಉಕ್ಕಾಕತ್ತೇತಿ ನೋಡ್ರಿ. ಅದನ್ನ ಇಳಿಸಿ ಬರ್ರಿ, ಆಮ್ಯಾಲ ಬೈರಿ. ನಿಂತಿರ್ತೀನಿ," ಎಂದ.

ಹಾಲು ಇಳಿಸಿ ಬಂದೆ. ಹೇಳಿದಂತೆ ನಿಂತಿದ್ದರು. ಬೈಗುಳ ಕೇಳಲು ಹಿಮದಲ್ಲಿ ಕಾದು ನಿಂತ ಮನುಷ್ಯನಿಗೆ 'ಆತ' ಎನ್ನುವುದು ಅಂದಿಗೇ ನಿಂತಿತು.

"ನಿಮಗೆ ಬೀದಿ ಇಲ್ವಾ? ಇದು ನಮ್ಮ ಹಿತ್ತಲು," ಎಂದೆ.

"ಹೋಗೂವಾಗ ಬೀದಿ ಹಿಡದ ಹೋಗೀನ್ರಿ. ಬರೂವಾಗ ಹೊಳಿ ಹಿಡದ ಬಂದೆ. ನಡುವ ನಿಮ್ಮ ಹಿತ್ತಲ ಬಂತು. ನಾ ಏನ್ ಮಾಡ್ಲಿ?"

"ಹೋದ ದಾರೀಲೇ ವಾಪಸ್ ಬರಬೇಕಪ್ಪ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಯಾಕ್ರೀ? ಅದನ್ನ ನೋಡಿ ಆಗಿತ್ತಲ್ಲ!"

ಅವರ ಇಡೀ ಬದುಕು ಆ ಒಂದು ಮಾತಿನಲ್ಲಿತ್ತು. ನನಗೆ ಅದು ತಿಳಿದದ್ದು ಬಹಳ ತಿಂಗಳ ಮೇಲೆ.

ಅವರು ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದಿ ಹರೆಯದಲ್ಲೇ ಈ ದೇಶಕ್ಕೆ ಬಂದವರು. ಬಂದವರೆಲ್ಲ ಟೊರಾಂಟೊದಲ್ಲಿ ಬೆಚ್ಚಗಿನ ಕೆಲಸ ಹುಡುಕುತ್ತಿದ್ದಾಗ ಇವರು ಉತ್ತರಕ್ಕೆ ಹೋಗುವ ಸರ್ವೆ ತಂಡಕ್ಕೆ ಸೇರಿದರು. ಮರಗಳೂ ಬೆಳೆಯದ ಸೀಮೆ. ನಕ್ಷೆಯಲ್ಲಿ ಕೆರೆಗಳ ಅಂಚು ಮಾತ್ರ ಗುರುತಾಗಿ, ಒಳಗಿನ ನೆಲ ಎಂಥದೆಂದು ಬರೆಯದೆ ಬಿಟ್ಟಿದ್ದ ಜಾಗ. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಇವರನ್ನೂ ಒಬ್ಬ ಜೊತೆಗಾರನನ್ನೂ ಒಂದು ದೋಣಿಯನ್ನೂ ಕೆರೆಯ ದಡದಲ್ಲಿ ಇಳಿಸಿ ಹೋಗುತ್ತಿತ್ತು. ಬೇಸಿಗೆ ಮುಗಿಯುವವರೆಗೆ ಬಂಡೆಯಿಂದ ಬಂಡೆಗೆ ನಡೆಯುವುದು, ಸುತ್ತಿಗೆಯಿಂದ ಒಡೆದು ನೋಡುವುದು, ಇದು ಇಂಥ ಕಲ್ಲು ಎಂದು ನಕ್ಷೆಗೆ ಏರಿಸುವುದು. ಹಾಗೆ ನಡೆಯುವವರಿಗೆ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತಂತೆ. ಬೆಳಿಗ್ಗೆ ಡೇರೆ ಬಿಟ್ಟವರು ಸಂಜೆ ಡೇರೆಗೇ ಬರಬೇಕು, ಆದರೆ ಹೋದ ದಾರಿಯಲ್ಲಿ ಬರಕೂಡದು. ಸುತ್ತು ಹಾಕಿ ಬರಬೇಕು. ಹೋದ ದಾರಿಯಲ್ಲೇ ಬಂದರೆ ಅರ್ಧ ದಿನದ ಕೆಲಸ ಹಾಳು, ಹೊಸ ನೆಲ ಕಂಡ ಹಾಗಾಗಲಿಲ್ಲ.

ಕೆಲಸದಿಂದ ನಿವೃತ್ತರಾದರೂ ಅವರು ಈ ಪದ್ಧತಿಯಿಂದ ನಿವೃತ್ತರಾಗಲಿಲ್ಲ. ಅಂಗಡಿಗೆ ಹೋದರೆ ಒಂದು ದಾರಿ, ಬರುವಾಗ ಇನ್ನೊಂದು. ಹೆಂಡತಿ ಇದ್ದಾಗ ಆಕೆಯನ್ನು ದೇವಸ್ಥಾನಕ್ಕೆ ಕರೆದೊಯ್ದು, ಬರುವಾಗ ಯಾವುದೋ ಹಳ್ಳಿಯ ಮಣ್ಣುರಸ್ತೆಗೆ ಕಾರು ತಿರುಗಿಸಿ, ಪ್ರಸಾದವನ್ನು ಆಕೆ ದಾರಿಯಲ್ಲೇ ತಿಂದು ಮುಗಿಸುವಂತೆ ಮಾಡುತ್ತಿದ್ದರಂತೆ.

"ನಿಮ್ಮದು ರೋಗ," ಎಂದಿದ್ದೆ ಒಮ್ಮೆ.

"ನಿಮ್ಮದು ಏನ್ರೀ ಮೇಟ್ರನ್? ದಿನಾ ಅದ ಕಂಬ ಮುಟ್ಟಿ ಬರ್ತೀರಿ. ಆ ಕಂಬಕ್ಕ ಜ್ವರ ಬಂದೇತೇನು?"

ನಮ್ಮ ಸ್ನೇಹ ಹೀಗೆ ಬೆಳೆಯಿತು. ಅವರು ವಾರಕ್ಕೆ ಎರಡು ಮೂರು ಸಲ ಹೊಳೆಯ ಕಡೆಯಿಂದ ನಮ್ಮ ಹಿತ್ತಲಿಗೆ ಬರುತ್ತಿದ್ದರು. ಚಳಿಯಲ್ಲಿ ಚಿಲಕ ಹೆಪ್ಪುಗಟ್ಟಿ ಅವರು ಕೈಗವಸು ತೆಗೆದು ಒದ್ದಾಡುವುದನ್ನು ನೋಡಲಾರದೆ ನಾನು ಗೇಟಿಗೆ ಚಿಲಕ ಹಾಕುವುದನ್ನೇ ಬಿಟ್ಟೆ. ಅವರು ಜೇಬಿನಿಂದ ಖಡಕ್ ಜೋಳದ ರೊಟ್ಟಿಯ ಪೊಟ್ಟಣ ತೆಗೆದು ನನ್ನ ಚಹಾದ ಪಕ್ಕ ಇಡುತ್ತಿದ್ದರು. ಉತ್ತರದಲ್ಲೂ ಅವರ ಬುತ್ತಿ ಅದೇ. ಬೇಸಿಗೆಗೆ ಹೊರಡುವ ಮುನ್ನ ತಾವೇ ತಟ್ಟಿ, ಒಣಗಿಸಿ, ಬಿಸ್ಕೀಟಿನ ಡಬ್ಬಗಳಲ್ಲಿ ತುಂಬುತ್ತಿದ್ದರಂತೆ. ಜೊತೆಗಾರನಾಗಿದ್ದ ಒಬ್ಬ ಫಿನ್ಲೆಂಡಿನವನು ಮೊದಲು ಅದನ್ನು ಮನೆಯ ಛಾವಣಿಗೆ ಹೊದಿಸುವ ಹಂಚು ಎಂದು ಹೀಯಾಳಿಸಿದನಂತೆ. ವಿಮಾನ ಬರುವುದು ತಡವಾಗಿ ಅವನ ಬ್ರೆಡ್ಡು ಬೂಸ್ಟು ಹಿಡಿದ ಮೇಲೆ, "ಆ ಹಂಚು ಇನ್ನೊಂದ ಕೊಡು ಅಂದ್ನಿರಿ," ಎಂದು ಹೇಳಿ ಅವರು ರೊಟ್ಟಿಯನ್ನು ಪಟ್ಟನೆ ಮುರಿಯುತ್ತಿದ್ದರು. ಆ ಕಥೆ ಹೇಳುವಾಗಲೆಲ್ಲ ಆ ಶಬ್ದ ಬೇಕಿತ್ತು ಅವರಿಗೆ.

ಅವರು ಸುಲಭದ ಮನುಷ್ಯರಲ್ಲ. ಸತ್ತವರ ಬಗ್ಗೆ ಎಲ್ಲರೂ ಸಕ್ಕರೆ ಹಚ್ಚುತ್ತಾರೆ, ನಾನು ಹಚ್ಚುವುದಿಲ್ಲ. ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಮದುವೆಯ ಊಟದ ನಡುವೆ ಎದ್ದು ಹೋಗಿ ಛತ್ರದ ಹಿಂದಿನ ಬಂಡೆ ನೋಡುತ್ತಿದ್ದರು. ಹೊಗಳಿಕೆಯಂತೂ ಅವರಿಗೆ ತುರಿಕೆ. ನಮ್ಮ ಬಳಗದವರು ಒಮ್ಮೆ ಅವರಿಗೆ ಶಾಲು ಹೊದಿಸಿ, "ಯಾರೂ ಕಾಲಿಡದ ನೆಲವನ್ನು ಕಂಡುಹಿಡಿದ ನಮ್ಮ ಕನ್ನಡಿಗ" ಎಂದರು. ಇವರು ಶಾಲು ತೆಗೆದು ಕುರ್ಚಿಯ ಮೇಲಿಟ್ಟು ಮೈಕಿಗೆ ಬಂದರು.

"ಯಾರೂ ಕಾಲಿಡದ ನೆಲ ಅಂತ ಯಾರ ಅಂದ್ರ ನಿಮಗ? ನಾ ಕೆರಿ ದಂಡಿಗೆ ಇಳದಾಗ ಅಲ್ಲೆ ಒಬ್ಬಾಕಿ ಅಜ್ಜಿ ಮೀನ ಒಣಗಸಾಕತ್ತಿದ್ಲು. ನನ್ನ ನೋಡಿ ನಕ್ಕಳು. ಚಾ ಕೊಟ್ಲು. ಆ ಕೆರಿಗೆ ಆಕೀ ಮುತ್ತಜ್ಜ ಇಟ್ಟ ಹೆಸರ ಇತ್ತು. ನಾ ಹೋಗಿ ಏನ್ ಕಂಡಹಿಡದೆ? ನನ್ನ ಆಕಿ ಕಂಡಹಿಡದ್ಲು ಅನ್ರಿ." ಹೀಗೆಂದು ಇಳಿದರು. ಸಭೆಯಲ್ಲಿ ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ನಾನು ತಟ್ಟಿದೆ.

ಇನ್ನೊಂದು ಮಾತು ಹೇಳುತ್ತಿದ್ದರು. "ಉತ್ತರಕ್ಕ ಹೋದಂಗ ಕಂಪಾಸಿನ ಸೂಜಿ ಸುಳ್ಳ ಹೇಳಾಕ ಚಾಲೂ ಮಾಡತೈತಿ. ಆದ್ರ ಮನಷ್ಯಾರಂಗ ಅಲ್ರೀ, ಒಂದ ಜಾಗಾದಾಗ ಒಂದ ನಮೂನಿ ಸುಳ್ಳು. ಎಷ್ಟ ಸುಳ್ಳಂತ ಗೊತ್ತಾತು ಅಂದ್ರ ಅದನ್ನ ನಂಬಬಹುದು." ನನ್ನ ವೃತ್ತಿಯಲ್ಲಿ ಹೀಗೆ ನಂಬಬಹುದಾದ ಎಷ್ಟೋ ಡಾಕ್ಟರುಗಳನ್ನು ಕಂಡಿದ್ದೆ. ಹಾಗೆಂದಾಗ ಅವರು ಕೆಮ್ಮುವವರೆಗೂ ನಕ್ಕರು.

ಈಗ ಅವರ ಮಗಳ ವಿಷಯ. ವಿದ್ಯಾ ಒಳ್ಳೆಯ ಹುಡುಗಿ. ಈ ಲೇಖನ ಅವಳ ವಿರುದ್ಧ ಎಂದು ಯಾರೂ ತಿಳಿಯಬಾರದು. ಅವಳ ಕೆಲಸ ನ್ಯೂಮಾರ್ಕೆಟ್ಟಿನ ಒಂದು ಆಫೀಸಿನಲ್ಲಿ, ಮನೆಯಿಂದ ಬಹಳ ದೂರ. ಅಪ್ಪ ಎಲ್ಲಿದ್ದಾರೆಂದು ತಿಳಿಯಲು ಅವರ ಫೋನಿಗೊಂದು ವ್ಯವಸ್ಥೆ ಮಾಡಿಕೊಂಡಿದ್ದಳು. ತನ್ನ ಮೇಜಿನಲ್ಲಿ ಕೂತೇ ಅವರನ್ನು ಒಂದು ನೀಲಿ ಚುಕ್ಕಿಯಾಗಿ ನೋಡುತ್ತಿದ್ದಳು.

ಒಂದು ದಿನ ಅವರು ಜೋಳದ ಹಿಟ್ಟು ತರಲು ಇಲ್ಲಿಂದ ರೈಲಿನಲ್ಲಿ ಮಾಲ್ಟನ್ನಿಗೆ ಹೋದರು. ಹೋಗುವಾಗ ರೈಲಾದ್ದರಿಂದ ಬರುವಾಗ ರೈಲಿಲ್ಲ. ಒಂದು ಬಸ್ಸು, ಇನ್ನೊಂದು ಬಸ್ಸು, ಉಳಿದದ್ದು ನಡಿಗೆ. ವಿದ್ಯಾ ನೋಡುವಾಗ ನೀಲಿ ಚುಕ್ಕಿ ಯಾವುದೋ ಹೊಲದ ಅಂಚಿನಲ್ಲಿ ನಿಧಾನವಾಗಿ ತೆವಳುತ್ತಿತ್ತು. ಫೋನು ಮಾಡಿದಳು, ಅವರು ತೆಗೆಯಲಿಲ್ಲ. ಎರಡೂ ಕೈಯಲ್ಲಿ ಹಿಟ್ಟಿನ ಚೀಲವಿತ್ತು. ಅವಳು ಪೊಲೀಸರಿಗೆ ತಿಳಿಸಿದಳು. ಪೊಲೀಸರು ಬಂದು, ಮರ್ಯಾದೆಯಿಂದಲೇ ಇವರನ್ನು ಕಾರಿಗೆ ಹತ್ತಿಸಿಕೊಂಡರು. ಅಲ್ಲಿಯವರೆಗೂ ಎಲ್ಲ ಸರಿ. ಆದರೆ ಕಾರು ಹೆದ್ದಾರಿಗೆ ತಿರುಗಿದಾಗ ಇವರು, "ಈ ರಸ್ತೆ ಬೇಡ, ಇದರಲ್ಲಿ ಬಸ್ಸಿನಲ್ಲಿ ಬಂದಾಗಿದೆ, ಆ ಕಡೆಯಿಂದ ಹೋಗಿ" ಎಂದು ಹಟ ಹಿಡಿದರು. ಮನೆಗೆ ಹೋಗುವ ನೇರ ರಸ್ತೆಯನ್ನು ಬೇಡವೆನ್ನುವ ಮುದುಕನ ಬಗ್ಗೆ ಪೊಲೀಸಿನವನು ಏನು ತಿಳಿದಾನು? ಅಷ್ಟರಲ್ಲಿ ಮನೆಗೆ ಓಡಿಬಂದಿದ್ದ ವಿದ್ಯಾಗೆ ಬಾಗಿಲಲ್ಲಿ ಮೆಲ್ಲಗೆ ಹೇಳಿದ, ನಿಮ್ಮ ತಂದೆಯವರಿಗೆ ಗೊಂದಲವಿದೆ, ಡಾಕ್ಟರಿಗೆ ತೋರಿಸಿ, ಎಂದು.

ಮರುದಿನವೇ ವಿದ್ಯಾ ನನ್ನ ಹತ್ತಿರ ಬಂದಳು. ಒಂದು ವೃದ್ಧಾಶ್ರಮ ನೋಡಿದ್ದಳು. ಮರೆವಿನ ಕಾಯಿಲೆಯವರಿಗೆಂದೇ ಒಂದು ಮಹಡಿ, ಅದರ ಬಾಗಿಲಿಗೆ ಬೀಗ. ಡಾಕ್ಟರು ಹೌದೆಂದರೆ ಅಲ್ಲಿ ಸೇರಿಸುವುದು. "ನೀವು ನರ್ಸ್ ಇದ್ರಿ ಆಂಟಿ. ನಿಮ್ಮ ಮಾತ ಕೇಳ್ತಾರ. ಪ್ಲೀಸ್, ಕನ್ವಿನ್ಸ್ ಮಾಡ್ರಿ."

"ನಿಮ್ಮಪ್ಪನಿಗೆ ಬೀಗ ಹಾಕಿದರೆ ಏನಾಗತ್ತೆ ಗೊತ್ತಾ?"

ಅವಳ ಕಣ್ಣು ತುಂಬಿತು. "ಬೀಗ ಹಾಕದಿದ್ರ ಏನಾಗತದ ಅದೂ ಗೊತ್ತದ. ಸಣ್ಣಾಕಿದ್ದಾಗ ಎವ್ರಿ ಸಿಂಗಲ್ ಸಮ್ಮರ್ ಕಿಟಕಿಯಾಗ ಕುಂತು ಕಾದೀನಿ ಆಂಟಿ. ಪ್ಲೇನ್ ಬಂತೇನು, ಅಪ್ಪ ಬಂದ್ನೇನು. ಐ ಕಾಂಟ್ ಡೂ ಇಟ್ ಎಗೇನ್. ಈಗರೆ ಎಲ್ಲಿದಾನಂತ ನನಗ ಗೊತ್ತಿರಬೇಕು."

ಆದರೆ ನೋಡದೆ ವರದಿ ಕೊಡುವುದು ನನ್ನ ಕ್ರಮವಲ್ಲ. ಡಾಕ್ಟರ ಭೇಟಿಗೆ ಸ್ವಲ್ಪ ದಿನವಿತ್ತು. ಅಷ್ಟೂ ದಿನ ನನ್ನ ವಾಕಿಂಗು ಮುಗಿಸಿದ ಮೇಲೆ ಅವರ ಜೊತೆ ಹೊರಟೆ. ರೋಗಿಯನ್ನು ನೋಡುವ ಹಾಗೆ ನೋಡಿದೆ. ಹೋಗುವ ದಾರಿ ನಾನು ಆರಿಸುತ್ತಿದ್ದೆ, ಬೇಕೆಂದೇ ಅಡ್ಡಾದಿಡ್ಡಿ ಸಂದಿಗಳಲ್ಲಿ. ಎಲ್ಲೋ ನಡುವೆ ತಟ್ಟನೆ ನಿಲ್ಲಿಸಿ, "ಈಗ ನಮ್ಮನೆ ಎಲ್ಲಿ?" ಎನ್ನುತ್ತಿದ್ದೆ. ಅವರು ಬೇರೇನೋ ಮಾತಾಡುತ್ತಲೇ ಹಾಕಿ ಸ್ಟಿಕ್ಕನ್ನು ಒಂದು ಕಡೆಗೆ ಚಾಚುತ್ತಿದ್ದರು. ಹಿಂದಿರುಗುವ ದಾರಿ ಅವರದು. ಪ್ರತಿ ಸಲವೂ ಹೊಸದು, ಪ್ರತಿ ಸಲವೂ ನನ್ನ ಹಿತ್ತಲಿಗೇ ಬಂದು ಮುಟ್ಟುತ್ತಿತ್ತು.

"ಪರೀಕ್ಷಾ ಪಾಸಾತೇನ್ರಿ ಮೇಟ್ರನ್?" ಎಂದರು ಕೊನೆಯ ದಿನ. ಎಲ್ಲ ತಿಳಿದೇ ಇತ್ತು ಅವರಿಗೆ. "ಬೀಗದ ಮನೀಗೆ ಹಾಕಿದ್ರ ಒಂದ ಮಾತ ಹೇಳತೀನಿ. ಹೋಗೂದು ಅವ್ರು ಹೇಳಿದ ಬಾಗಲದಾಗ ಹೋಗತೀನಿ. ಬರೂದು ನಂಗ ಬಿಡ್ರಿ."

ನನಗೆ ನಗು ಬಂತು. ಜೊತೆಗೆ ಹೆದರಿಕೆಯೂ ಬಂತು. ಆ ಮನುಷ್ಯ ಕಿಟಕಿಯಿಂದ ಹಾರುವವರೇ.

ಡಾಕ್ಟರ ಕೋಣೆಯಲ್ಲಿ ವಿದ್ಯಾ, ಅವರು, ನಾನು. ಗಡಿಯಾರ ಬರೆಯಿರಿ ಎಂದರೆ ಬರೆದರು. ಪದಗಳನ್ನು ನೆನಪಿಡಿ ಎಂದರೆ ಇಟ್ಟುಕೊಂಡರು. ಕೊನೆಗೆ ಡಾಕ್ಟರು, ಇಲ್ಲಿಂದ ಮನೆಗೆ ಹೇಗೆ ಹೋಗುತ್ತೀರಿ, ಎಂದು ಕೇಳಿದರು. ಇವರು ಉತ್ಸಾಹದಿಂದ ಶುರುಮಾಡಿದರು. ಇಳಿಜಾರಿನಲ್ಲಿ ಎಡಕ್ಕೆ, ಹಳೆಯ ಗಿರಣಿಯ ಹಿಂದೆ, ಕಾಲುಸೇತುವೆಯಿಂದ ಹೊಳೆ ದಾಟಿ, ದಡದ ಮೇಲೆ...

"ನೋ, ಅಪ್ಪಾ!" ವಿದ್ಯಾ ತಡೆದಳು. "ನಾವ್ ಹಂಗ ಬಂದೇ ಇಲ್ಲ. ಮೇನ್ ಸ್ಟ್ರೀಟಿಂದ ಬಂದ್ವಿ!"

"ಅದಕ್ಕ ಹಂಗ ಹೋಗೂದಲ್ಲ," ಎಂದರು ಇವರು.

ಡಾಕ್ಟರ ಪೆನ್ನು ಕಾಗದದ ಮೇಲೆ ಓಡಿತು. ಆ ಶಬ್ದ ನನಗೆ ಗೊತ್ತು. ಅಂಥ ಒಂದು ಗೀರಿನಿಂದ ಮನುಷ್ಯರ ಮಂಚ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಮಾತಾಡಿದೆ. ನನ್ನ ಇಂಗ್ಲಿಷು ಮೈಸೂರಿನದು, ಆದರೆ ಅದು ಯಾವ ಡಾಕ್ಟರಿಗೂ ಹೆದರಿಲ್ಲ. ಈ ಉತ್ತರ ಸರಿಯಾಗಿದೆ, ನಿಮ್ಮ ಕಂಪ್ಯೂಟರಿನಲ್ಲಿ ನಕ್ಷೆ ತೆಗೆದು ಇವರು ಹೇಳಿದ ಹಾಗೆ ನಡೆದು ನೋಡಿ, ಎಂದೆ. ಇವರ ಕಸುಬಿನಲ್ಲಿ ಹೋದ ದಾರಿಯಲ್ಲಿ ಬರುವುದು ತಪ್ಪು ಎಂದೂ ಹೇಳಿದೆ. ಡಾಕ್ಟರು ಒಳ್ಳೆಯವರು, ನಕ್ಷೆ ತೆಗೆದರು. ಅವರ ಬೆರಳು ಇಳಿಜಾರಿನಲ್ಲಿ ಎಡಕ್ಕೆ ಹೋಗಿ, ಗಿರಣಿಯ ಹಿಂದೆ ಸುತ್ತಿ, ಹೊಳೆ ದಾಟಿ, ವಿದ್ಯಾಳ ಮನೆಯ ಮುಂದೆ ನಿಂತಿತು. "ನಾನು ಈ ಊರಲ್ಲೇ ಹುಟ್ಟಿದವನು, ಈ ದಾರಿ ನನಗೆ ಗೊತ್ತಿರಲಿಲ್ಲ," ಎಂದು ನಕ್ಕರು. ಮರೆವಿನ ಮಹಡಿಯ ಮಾತು ಅಲ್ಲಿಗೆ ಮುಗಿಯಿತು.

ಮೆಟ್ಟಿಲಿಳಿಯುವಾಗ ವಿದ್ಯಾ ನನ್ನನ್ನು ಹಿಂದೆ ನಿಲ್ಲಿಸಿದಳು. "ನಾಳೆ ಏನರೆ ಆದ್ರ, ಆಂಟಿ?"

"ಆದ್ರೆ ಆಗಲಿ. ಬೀಗದೊಳಗೂ ಒಂದಿನ ಆಗೋದೇ," ಎಂದೆ.

ಅವಳು ಆಮೇಲೆ ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅದರ ನಂತರ ಅವರಿಗೆ ಒಂದು ಪೂರ್ತಿ ಬೇಸಿಗೆ ಸಿಕ್ಕಿತು, ಒಂದು ಎಲೆ ಉದುರುವ ಕಾಲ ಸಿಕ್ಕಿತು, ಅರ್ಧ ಚಳಿಗಾಲ ಸಿಕ್ಕಿತು. ಅವರು ಅದರಲ್ಲಿ ಒಂದು ದಿನವನ್ನೂ ಬೇಸ್‌ಮೆಂಟಿನಲ್ಲಿ ಕಳೆಯಲಿಲ್ಲ. ಇಷ್ಟೆಲ್ಲ ಆಗಿ ನಾನೇನು ಅವರ ಶಿಷ್ಯೆಯಾಗಲಿಲ್ಲ. ನನ್ನ ಕಂಬ ನನಗೆ, ಅವರ ಸುತ್ತು ಅವರಿಗೆ. ಈಗಲೂ ನಾನು ಕಂಬ ಮುಟ್ಟಿ ಹೋದ ದಾರಿಯಲ್ಲೇ ಬರುತ್ತೇನೆ. ಅವರ ನೆನಪಿಗೆಂದು ನನ್ನ ಅಭ್ಯಾಸ ಬದಲಿಸಿದರೆ ಮೊದಲು ನಗುವವರು ಅವರೇ.

ಒಂದು ಬೆಳಿಗ್ಗೆ ಅವರು ನಮ್ಮ ಹಿತ್ತಲಿಗೆ ಬರಲಿಲ್ಲ. ಬಾರದ ದಿನಗಳೂ ಇರುತ್ತಿದ್ದವು, ನಾನು ಏನೂ ಎಣಿಸಲಿಲ್ಲ. ಮಧ್ಯಾಹ್ನ ಸುದ್ದಿ ಬಂತು. ನಾಯಿ ಕರೆದುಕೊಂಡು ಹೋದ ನೆರೆಯಾಕೆಯೊಬ್ಬಳು ಹೊಳೆಯ ಬದಿಯ ಕಾಡಿನಲ್ಲಿ ಅವರನ್ನು ಕಂಡಿದ್ದಳು. ಹೃದಯ ನಿಂತಿತ್ತು. ಬೀಳುವ ಮೊದಲೇ ಪ್ರಾಣ ಹೋಗಿರಬೇಕು ಎಂದರು. ಸಂಜೆಯೊಳಗೆ ಎಲ್ಲರ ಫೋನಿನಲ್ಲೂ ಒಂದೇ ಮಾತು: ಬೀದಿಯ ದಾರಿ ಬಿಟ್ಟು ಕಾಡಿಗೆ ಹೋಗಿಬಿಟ್ಟಿದ್ದರಂತೆ, ಪಾಪ, ದಾರಿ ತಪ್ಪಿತಂತೆ.

ಮರುದಿನ ಬೆಳಿಗ್ಗೆ ವಿದ್ಯಾ ನಮ್ಮ ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಕೇಳಿದಳು. "ಯೂ ಟೋಲ್ಡ್ ದ ಡಾಕ್ಟರ್. ನೀವ ಹೇಳಿದ್ರಿ, ಅವ್ರಿಗೆ ಏನೂ ಆಗಿಲ್ಲಂತ. ಎಲ್ಲಾರೂ ಅನ್ನಾಕತ್ತಾರ, ದಾರಿ ತಪ್ಪಿ ಚಳಿಯಾಗ ತಿರಗ್ಯಾಡಿ ಹೋದ ಅಂತ. ನಮ್ಮಪ್ಪ ಅಂಜಿದ್ನೇನು ಆಂಟಿ? ಮನಿ ಹುಡಕಾಕತ್ತಿದ್ನೇನು?"

ಕೊನೆಯ ಪ್ರಶ್ನೆಗೇ ಅವಳು ಬಂದದ್ದು. ಉಳಿದದ್ದು ಸಿಟ್ಟು.

"ಹೇಳಿದೆ. ಇನ್ನೊಂದ್ಸಲ ಕೇಳಿದ್ರೂ ಅದನ್ನೇ ಹೇಳ್ತೀನಿ," ಎಂದೆ. "ನನ್ನ ಮಾತು ಬೇಡ. ನೀನೇ ನೋಡು, ಬಾ." ಕೋಟು ಹಾಕಿಕೊಂಡೆ.

ಅವರು ಹೊರಟ ದಿನದ ಹಿಂದಿನ ರಾತ್ರಿ ಹೊಸ ಹಿಮ ಬಿದ್ದಿತ್ತು, ಆಮೇಲೆ ಬಿದ್ದಿರಲಿಲ್ಲ. ಬೀದಿಯಲ್ಲಿ ಹಿಮ ತೆಗೆದಿದ್ದರಿಂದ ಅಲ್ಲಿ ಗುರುತಿಲ್ಲ. ಚರ್ಚಿನ ಪಕ್ಕ ಕಾಲುದಾರಿ ಇಳಿಯುವಲ್ಲಿ ಸಿಕ್ಕಿತು. ಅಗಲವಾದ ಬೂಟಿನ ಹೆಜ್ಜೆ, ಬಲಗಡೆ ಹಾಕಿ ಸ್ಟಿಕ್ಕಿನ ಅಂಚು ಊರಿದ ಸಣ್ಣ ಸೀಳು. ಹಾಗೆ ಗುರುತು ಬಿಡುವವರು ಈ ಊರಲ್ಲಿ ಇನ್ನೊಬ್ಬರಿಲ್ಲ. ವಿದ್ಯಾ ಬಗ್ಗಿ ಆ ಸೀಳನ್ನು ನೋಡಿದಳು. ನಾವು ಆ ಹೆಜ್ಜೆಗಳ ಪಕ್ಕದಲ್ಲಿ ನಡೆದೆವು, ಮೇಲೆ ಅಲ್ಲ.

ದಾರಿ ಮರೆತ ರೋಗಿಗಳನ್ನು ನಾನು ನೋಡಿದ್ದೇನೆ. ಅವರ ಹೆಜ್ಜೆ ಎಳೆಯುತ್ತದೆ, ನಿಂತಲ್ಲೇ ತಿರುಗುತ್ತದೆ, ಗೋಡೆ ಬಂದರೆ ಗೋಡೆಗೆ ಮುಖ ಕೊಟ್ಟು ನಿಲ್ಲುತ್ತದೆ. ಈ ಹೆಜ್ಜೆಗಳು ಒಂದೇ ಅಳತೆಯಲ್ಲಿ ಸೇತುವೆ ದಾಟಿದವು. ಒಂದು ಕಡೆ ದೊಡ್ಡ ಮರ ಬಿದ್ದು ದಾರಿ ಮುಚ್ಚಿತ್ತು. ಹೆಜ್ಜೆ ಮರದವರೆಗೆ ಹೋಗಿ, ನಿಂತು, ದಿಬ್ಬ ಹತ್ತಿ, ಮರದ ಬುಡವನ್ನು ಬಳಸಿ, ಮತ್ತೆ ಅದೇ ದಾರಿಗೆ ಇಳಿದಿತ್ತು. "ನೋಡು," ಎಂದೆ. ಅವಳು ನೋಡಿದಳು. ಇನ್ನೂ ಮುಂದೆ ಒಂದು ಬಂಡೆ. ಅದರ ಮೇಲಿನ ಹಿಮವನ್ನು ಕೈಯಿಂದ ಸವರಿ ತೆಗೆದ ಗುರುತಿತ್ತು. ಕೆಳಗೆ ಮೊಣಕಾಲೂರಿದ ಗುಳಿ. ಬೂದು ಕಲ್ಲಿನ ನಡುವೆ ಗುಲಾಬಿ ಬಣ್ಣದ ಒಂದು ಎಳೆ ಹಾದುಹೋಗಿತ್ತು. ವಿದ್ಯಾ ಕೈಗವಸು ತೆಗೆದು ಆ ಎಳೆಯನ್ನು ಮುಟ್ಟಿದಳು.

"ಕಲ್ಲ ನೋಡಾಕತ್ತಿದ್ನಲ್ಲ ಆಂಟಿ," ಎಂದಳು. "ಹಿ ವಾಸ್ ಲುಕಿಂಗ್ ಎಟ್ ಅ ರಾಕ್." ಅಳುತ್ತಲೇ ನಕ್ಕಳು. "ಮನಿ ಹುಡಕವ್ರು ಯಾರರೆ ಕಲ್ಲ ನೋಡ್ತಾರೇನು?"

ಹೊಳೆಯ ತಿರುವಿನಲ್ಲಿ ಹೆಜ್ಜೆಗಳು ನಿಂತವು. ಅಲ್ಲಿ ಹಿಮವೆಲ್ಲ ಹಲವರ ಬೂಟುಗಳಿಂದ ಕಲಸಿಹೋಗಿತ್ತು. ಅವರನ್ನು ಎತ್ತಿಕೊಂಡು ಹೋದ ಜಾಗ. ಮುಂದೆ ಮೇಲೇರುವ ದಿಣ್ಣೆ, ಅದರ ಮೇಲೆ ಯಾರೂ ಮುಟ್ಟದ ಹಿಮ. ದಿಣ್ಣೆಯ ನೆತ್ತಿಯಲ್ಲಿ ನಮ್ಮ ಹಿತ್ತಲಿನ ಮರದ ಬೇಲಿ. ನನ್ನ ಕಿಟಕಿಯಿಂದ ಈ ತಿರುವು ಕಾಣುವುದಿಲ್ಲ, ದಿಣ್ಣೆ ಅಡ್ಡ.

ಅವಳು ಬೇಲಿಯ ಕಡೆ ನೋಡುತ್ತ ನಿಂತಳು. ನಾನೂ ನಿಂತೆ. ಕಾಲು ಮರಗಟ್ಟಿದಾಗ, "ಬಾ ವಿದ್ಯಾ, ಹೋಗೋಣ," ಎಂದು ಬಂದ ದಾರಿಯ ಕಡೆಗೆ ತಿರುಗಿದೆ. ಜೀವಮಾನದ ಅಭ್ಯಾಸ.

"ಆ ಕಡೆ ಅಲ್ಲ ಆಂಟಿ," ಎಂದಳು ವಿದ್ಯಾ.

ಅವಳೇ ಮುಂದಾಗಿ ದಿಣ್ಣೆ ಹತ್ತಿದಳು. ಅವರು ಹಾಕಬೇಕಿದ್ದ ಹೆಜ್ಜೆಗಳನ್ನು ಅವಳು ಹಾಕುತ್ತ ಹೋದಳು, ನಾನು ಅವಳ ಹೆಜ್ಜೆಯಲ್ಲಿ ಕಾಲಿಟ್ಟು ಹಿಂದೆ ಹೋದೆ. ದೂರ ಹೆಚ್ಚಿರಲಿಲ್ಲ. ಬೇಲಿಯ ಹತ್ತಿರ ನಿಂತು ಗೇಟಿಗೆ ಕೈ ಹಚ್ಚಿದಳು. ಅದು ತಾನೇ ತೆರೆದುಕೊಂಡಿತು. ಅವಳು ತಿರುಗಿ ನನ್ನನ್ನು ನೋಡಿದಳು.

"ಇದು ಓಪನ್ ಐತಿ."

"ಅವರಿಗೆ ಗೊತ್ತಿತ್ತು," ಎಂದೆ.

ಮೊನ್ನೆ ಮಗ ಆ ಗೇಟಿಗೆ ಹೊಸ ಚಿಲಕ ತಂದಿದ್ದಾನೆ. "ರಾತ್ರಿ ಕೊಯೋಟಿ ಒಳಗೆ ಬರತ್ತಮ್ಮ," ಎನ್ನುತ್ತಾನೆ. ಇಲ್ಲಿನ ನರಿಯಂಥ ಪ್ರಾಣಿ ಅದು. ಬರಲಿ. ಚಿಲಕ ಇನ್ನೂ ಪೊಟ್ಟಣದಲ್ಲೇ ಇದೆ, ನಾನಿರುವವರೆಗೆ ಅಲ್ಲೇ ಇರುತ್ತದೆ. ಅವರು ದಾರಿ ತಪ್ಪಿದರು ಎಂದು ಮೈಕಿನಲ್ಲಿ ಹೇಳಿದವರು ಒಂದು ಬೆಳಿಗ್ಗೆ ಜಾರ್ಜ್‌ಟೌನಿಗೆ ಬರಲಿ. ಹಾಲು ಕಾಯಿಸುವ ಹೊತ್ತಿಗೆ ಬಂದರೆ ಚಹಾ ಕೊಡುತ್ತೇನೆ. ಆಮೇಲೆ ಹೊಳೆಯ ತಿರುವಿಗೆ ಕರೆದೊಯ್ದು ನಿಲ್ಲಿಸಿ, ದಿಣ್ಣೆಯ ಮೇಲಿನ ಗೇಟು ತೋರಿಸುತ್ತೇನೆ. ಅಲ್ಲಿಂದ ಅವರೇ ಹೇಳಲಿ.